ಕೂಸು ಈಗ ಯಾರ ಕಣ್ಣಲ್ಲಿ?

ತಾಯಂದಿರು ಕೆಲಸಕ್ಕೆ ಹೋದಾಗ ಕೂಸುಗಳನ್ನು ನೋಡಿಕೊಳ್ಳುವ ನಮ್ಮ ಮಕ್ಕಳ ಮನೆಗೆ ಮೊದಲ ಸಲ ಬಂದವರು ಒಂದು ಮಾತು ಕೇಳಿ ತಿರುಗಿ ನೋಡುತ್ತಾರೆ. ಒಳಗಿಂದ ನೀರು ತರಲೆಂದು ಏಳುವಾಗ ನಾನು ಜೊತೆಗಾರ್ತಿಯ ಮುಖ ನೋಡಿ "ಐದೂ ನಿಂಗೆ" ಅನ್ನುತ್ತೇನೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು, ತಲೆ ಎಣಿಸಿ, "ಐದೂ ನಂಗೆ" ಅನ್ನಬೇಕು. ಅನ್ನುವ ತನಕ ನಾನು ಹೊಸ್ತಿಲು ದಾಟುವುದಿಲ್ಲ. ತಿರುಗಿ ಬಂದ ಮೇಲೆ ಮತ್ತೆ ಎಣಿಕೆ, ಮತ್ತೆ ಅದೇ ಮಾತು. ಮಗುವನ್ನು ಬಿಡಲು ಬಂದ ಒಬ್ಬ ತಂದೆ ಇದನ್ನು ಕೇಳಿ ನಕ್ಕಿದ್ದರು. ನನಗೆ ನಗು ಬರಲಿಲ್ಲ. ಈ ಮಾತು ನಮ್ಮ ಮನೆಗೆ ಬಂದದ್ದು ನಗುವಂಥ ದಾರಿಯಲ್ಲಿ ಅಲ್ಲ.

ಮಗಳಿಗೆ ಆಗ ಒಂದು ವರ್ಷ ಮೂರು ತಿಂಗಳು. ಅಡಿಕೆ ಸುಲಿಯುವ ಕಾಲ. ಹೊಸನಗರದ ಕಡೆಯ ನಮ್ಮ ಮನೆಯಲ್ಲಿ ಆ ತಿಂಗಳು ಕಾಲಿಡಲು ಜಾಗ ಇರುವುದಿಲ್ಲ. ಅಂಗಳದ ಚಪ್ಪರದಡಿ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಹನ್ನೊಂದು ಮಂದಿ ಕೂತಿದ್ದರು. ಹಿತ್ತಲ ಒಲೆ ಮೇಲೆ ಚೊಗರು ಕುದಿಯುತ್ತಿತ್ತು. ಅಡುಗೆಮನೆಯಲ್ಲಿ ನಾನು, ನನ್ನ ಓರಗಿತ್ತಿ. ಜಗಲಿಯಲ್ಲಿ ಮಾವ ಮತ್ತು ಅವರನ್ನು ನೋಡಲು ಬಂದ ನೆಂಟರಿಬ್ಬರು. ಮಗಳು ಎಲ್ಲರ ಮಡಿಲಲ್ಲೂ ಸ್ವಲ್ಪ ಸ್ವಲ್ಪ ಹೊತ್ತು ಕೂತು ಓಡಾಡಿಕೊಂಡಿದ್ದಳು. ಇಷ್ಟು ಜನ ಇದ್ದಾರೆ, ಕೂಸಿಗೇನು ಎಂದು ನಾನು ನಿಶ್ಚಿಂತೆಯಿಂದ ಹಿಟ್ಟು ಕಲಸುತ್ತಿದ್ದೆ.

ಕೊಟ್ಟಿಗೆ ಕೆಲಸ ಮುಗಿಸಿ ಕೈ ತೊಳೆಯಲು ಬಚ್ಚಲಿಗೆ ಹೋದ ಹೆಂಗಸು ಕೂಗಿದಳು. ಬಕೆಟ್ಟಿನಲ್ಲಿ ಒಂದು ಗೇಣು ನೀರಿತ್ತು. ಮಗಳು ತಲೆಕೆಳಗಾಗಿ ಅದರೊಳಗಿದ್ದಳು, ಎರಡು ಕಾಲು ಮಾತ್ರ ಹೊರಗೆ.

ಆ ಹೆಂಗಸಿನ ಕೈ ತೊಳೆಯಬೇಕಾಗಿ ಬಂದದ್ದರಿಂದ ನನ್ನ ಮಗಳು ಉಳಿದಳು. ಎತ್ತಿದ ಕೂಡಲೇ ಕೆಮ್ಮಿ, ವಾಂತಿ ಮಾಡಿ, ಅತ್ತಳು. ಈಗ ಶಿವಮೊಗ್ಗದಲ್ಲಿ ಓದುತ್ತಿದ್ದಾಳೆ. ಆವತ್ತು ಅವಳನ್ನು ಎದೆಗೆ ಅವುಚಿಕೊಂಡು ಕೂತಿದ್ದಾಗ ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿ ಹೇಳಿದ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. "ನಿನ್ನ ಹತ್ರ ಇದಾಳೆ ಅಂದ್ಕೊಂಡೆ ಮಾರಾಯ್ತಿ." ಓರಗಿತ್ತಿ ಹಾಗೆಂದಳು, ಮಾವ ಹಾಗೆಂದರು, ಸುಲಿಯಲು ಕೂತವರು ಹಾಗೆಂದರು. ನಾನೂ ಅದನ್ನೇ ಅಂದುಕೊಂಡಿದ್ದೆ. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಕೂಸನ್ನು ಅಸಡ್ಡೆ ಮಾಡಿದವರಲ್ಲ. ಮನೆ ತುಂಬ ಜನ, ಎಲ್ಲರಿಗೂ ಪ್ರೀತಿ. ಆ ಎರಡು ನಿಮಿಷ ಮಾತ್ರ ಅವಳು ಯಾರ ಕಣ್ಣಲ್ಲೂ ಇರಲಿಲ್ಲ.

ನೀರಿನಲ್ಲಿ ಮುಳುಗುವ ಮಗು ಕೂಗುತ್ತದೆ, ಕೈಕಾಲು ಬಡಿಯುತ್ತದೆ, ನಮಗೆ ಕೇಳಿಸುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಹಾಗಾಗುವುದಿಲ್ಲ. ಬಾಯಿ ಮೂಗು ನೀರೊಳಗಿರುವಾಗ ಕೂಗಲು ಉಸಿರೆಲ್ಲಿ? ಆ ವಯಸ್ಸಿನ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆಯ ಭಾರ ಹೆಚ್ಚು. ಬಗ್ಗಿ ಇಣುಕಿದರೆ ತಲೆ ಮುಂದಾಗಿ ಹೋಗುತ್ತದೆ, ತಿರುಗಿ ಏಳುವಷ್ಟು ಬಲ ತೋಳಿನಲ್ಲಿರುವುದಿಲ್ಲ. ಒಂದೆರಡು ಇಂಚು ನೀರೇ ಸಾಕು. ಉಸಿರು ನಿಂತು ನಾಲ್ಕೈದು ನಿಮಿಷವಾದರೆ ಮಿದುಳಿಗೆ ಏಟು ಬೀಳತೊಡಗುತ್ತದೆ. ನಮ್ಮ ಕಡೆ ಕೆರೆ, ಬಾವಿ, ಹೊಳೆಗೆ ಎಲ್ಲರೂ ಹೆದರುತ್ತಾರೆ, ಬಾವಿಗೆ ಕಟ್ಟೆ ಕಟ್ಟಿ ಬಲೆ ಹಾಸುತ್ತಾರೆ. ಬಚ್ಚಲ ಬಕೆಟ್ಟಿಗೆ ಹೆದರುವವರು ಕಡಿಮೆ. ನಮ್ಮ ಮಕ್ಕಳ ಮನೆಯಲ್ಲಿ ಬಳಸಿದ ಬಕೆಟ್ಟು ಬೋರಲು ಬಿದ್ದಿರಬೇಕು, ಬಚ್ಚಲ ಬಾಗಿಲಿಗೆ ನನ್ನೆತ್ತರದಲ್ಲಿ ಚಿಲಕ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆವತ್ತು ಮಗಳನ್ನು ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನು ಬಡಿದರು, ಹೊಟ್ಟೆ ಒತ್ತಿದರು, ನೀರು ಹೊರಗೆ ಬರಲಿ ಎಂದು. ಹಿಂದಿನಿಂದ ಬಂದ ಪದ್ಧತಿ, ಮಾಡಿದವರ ಮನಸ್ಸು ಒಳ್ಳೆಯದು. ಆದರೆ ಅದು ತಪ್ಪು. ಉಸಿರಾಡದ ಮಗುವಿಗೆ ಬೇಕಾದದ್ದು ಉಸಿರು. ಗಟ್ಟಿ ನೆಲದ ಮೇಲೆ ಮಲಗಿಸಿ, ಬಾಯಿಗೆ ಬಾಯಿಟ್ಟು ಗಾಳಿ ತುಂಬಬೇಕು, ಎದೆಯ ನಡುವೆ ಒತ್ತಬೇಕು. 30 ಒತ್ತು, 2 ಉಸಿರು, ಬಿಡದೆ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನು ಮಾಡಬೇಕು. ಇದನ್ನು ಓದಿ ಕಲಿಯಲು ಆಗುವುದಿಲ್ಲ, ಬೊಂಬೆಯ ಮೇಲೆ ಕೈಯಿಟ್ಟು ಒತ್ತಿಯೇ ಕಲಿಯಬೇಕು. ಮಕ್ಕಳನ್ನು ನೋಡಿಕೊಳ್ಳುವ ಪ್ರತಿಯೊಬ್ಬರೂ ಒಮ್ಮೆಯಾದರೂ ಕಲಿತಿರಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಮಗಳು ಶಾಲೆ ಸೇರಿದ ಮೇಲೆ ಈ ಕೆಲಸ ಶುರು ಮಾಡಿದೆ. ಊರಿನಲ್ಲಿ ಅಂಗನವಾಡಿ ಇದೆ. ಆದರೆ ಅಲ್ಲಿಗೆ ಕಳಿಸುವುದು ಮೂರು ತುಂಬಿದವರನ್ನು. ತೋಟದ ಕೆಲಸಕ್ಕೆ ಹೋಗುವ ತಾಯಂದಿರು ಎಂಟು ತಿಂಗಳ, ವರ್ಷದ ಕೂಸುಗಳನ್ನು ಸೊಂಟದಲ್ಲಿ ಕಟ್ಟಿಕೊಂಡು ಬರುತ್ತಿದ್ದರು, ಇಲ್ಲವೇ ಆರು ವರ್ಷದ ಅಕ್ಕನ ಕೈಗೆ ಕೊಟ್ಟು ಹೋಗುತ್ತಿದ್ದರು. ಈಗ ಹಲವು ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಸರ್ಕಾರದ ಶಿಶುಪಾಲನಾ ಕೇಂದ್ರ ಬಂದಿದೆ. 2023ರಲ್ಲಿ ಸರ್ಕಾರ ರಾಜ್ಯದಲ್ಲಿ 4,000 ಕಡೆ ತೆರೆಯುವುದಾಗಿ ಹೇಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದದ್ದು 1975ರ ಗಾಂಧಿ ಜಯಂತಿಯಂದು, ನಮ್ಮ ರಾಜ್ಯದಲ್ಲಿ ತಿ. ನರಸೀಪುರದಲ್ಲಿ. ಅಲ್ಲಿಂದ ಮೂರರ ಕೆಳಗಿನ ಕೂಸಿಗೆ ಹಗಲು ಮನೆ ಬರಲು ಇಷ್ಟು ವರ್ಷ ಹಿಡಿಯಿತು.

ಶುರುವಿನಲ್ಲಿ ಒಂದು ತರಬೇತಿಗೆ ಹೋಗಿದ್ದಾಗ ಸುರಕ್ಷತೆಯ ಪಟ್ಟಿಯೊಂದನ್ನು ಕೊಟ್ಟರು. ಒಳ್ಳೆಯ ಪಟ್ಟಿಯೇ. ಮೆಟ್ಟಿಲಿಗೆ ಗೇಟು, ಪ್ಲಗ್ಗಿಗೆ ಮುಚ್ಚಳ, ಈಜುಕೊಳಕ್ಕೆ ಬೇಲಿ, ಕಾರಿನಲ್ಲಿ ಮಗುವಿನ ಸೀಟು. ಮನೆಗೆ ತಂದು ಓದಿದೆ. ಪ್ಲಗ್ಗಿನ ಮುಚ್ಚಳ ಬಿಟ್ಟರೆ ನಮ್ಮ ಮನೆಗೆ ಅನ್ವಯಿಸುವುದು ಅದರಲ್ಲಿ ಬಹಳ ಇರಲಿಲ್ಲ. ಹಾಗಾದರೆ ನಮ್ಮ ಮನೆಯಲ್ಲಿ ಅಪಾಯ ಕಡಿಮೆ ಎಂದು ಅರ್ಥವೇ? ಮಗಳ ಬಕೆಟ್ಟು ಕಣ್ಣ ಮುಂದಿತ್ತು. ಮರುದಿನ ಬೆಳಿಗ್ಗೆ ಎಲ್ಲರೂ ತೋಟಕ್ಕೆ ಹೋದ ಮೇಲೆ ಜಗಲಿಯಲ್ಲಿ ಅಂಬೆಗಾಲಿಟ್ಟೆ. ಮಂಡಿ ಊರಿ, ಕೈ ಊರಿ, ಇಡೀ ಮನೆ ಸುತ್ತಿದೆ. ಕೂಸಿಗೆ ಏನು ಕಾಣುತ್ತದೆ, ಏನು ಕೈಗೆ ಸಿಗುತ್ತದೆ ಎಂದು ಆ ಎತ್ತರದಲ್ಲೇ ನೋಡಿದೆ.

ಮೊದಲು ಸಿಕ್ಕಿದ್ದು ಕವಳದ ತಟ್ಟೆ.

ನಮ್ಮ ಸೀಮೆಯಲ್ಲಿ ಕವಳದ ತಟ್ಟೆ ಎಂದರೆ ಮನೆಯ ಮರ್ಯಾದೆ. ಬಂದವರಿಗೆ ನೀರು ಕೊಟ್ಟ ಮೇಲೆ ಅದನ್ನು ಮುಂದೆ ಸರಿಸಬೇಕು. ಅದು ಇರುವುದೇ ನೆಲದ ಮೇಲೆ, ಜಗಲಿಯ ನಡುವೆ. ಕೂಸಿನ ಕಣ್ಣಿಗೆ ಸರಿಯಾಗಿ. ಅದರಲ್ಲಿ ಏನಿದೆ ನೋಡಿ. ಅಡಿಕೆ ಹೋಳು: ಕೂಸಿನ ಗಂಟಲಿಗೆ ಹೇಳಿ ಮಾಡಿಸಿದ ಗಾತ್ರ. ಹೊಗೆಸೊಪ್ಪು: ಚಿಕ್ಕ ಮಗು ಒಂದು ಚೂರು ನುಂಗಿದರೂ ವಾಂತಿ, ಬೆವರು, ಇನ್ನೂ ಹೆಚ್ಚಾದರೆ ಜೀವಕ್ಕೇ ಅಪಾಯ. ಅಡಕತ್ತರಿ. ಎಲ್ಲಕ್ಕಿಂತ ಹೆಚ್ಚಾಗಿ ಸುಣ್ಣದ ಡಬ್ಬಿ.

ಸುಣ್ಣ ಕಣ್ಣಿಗೆ ಹಾರಿದರೆ ಏನಾಗುತ್ತದೆ ಎಂದು ನಮ್ಮಲ್ಲಿ ತಿಳಿದವರು ಕಡಿಮೆ. ಸುಣ್ಣ ಕ್ಷಾರ. ಆಮ್ಲಕ್ಕಿಂತ ಕ್ಷಾರ ಕಣ್ಣಿಗೆ ಕೆಟ್ಟದ್ದು, ಮೇಲ್ಪದರದಲ್ಲಿ ನಿಲ್ಲದೆ ಒಳಗೊಳಗೆ ಇಳಿಯುತ್ತಾ ಹೋಗುತ್ತದೆ. ಕಪ್ಪುಗುಡ್ಡೆ ಬೆಳ್ಳಗಾಗಿ ದೃಷ್ಟಿಯೇ ಹೋಗಬಹುದು. ಮಕ್ಕಳು ಡಬ್ಬಿಯನ್ನು ಹಲ್ಲಿನಿಂದ ಕಚ್ಚುತ್ತಾರೆ. ಈಗಿನ ಪ್ಲಾಸ್ಟಿಕ್ ಪೊಟ್ಟಣವಾದರೆ ಹಿಸುಕುತ್ತಾರೆ, ಅದು ಒಡೆದು ನೇರ ಮುಖಕ್ಕೆ ಚಿಮ್ಮುತ್ತದೆ. ಹಾಗಾದರೆ ಮಾಡಬೇಕಾದದ್ದು ಒಂದೇ: ನೀರು. ಆ ಕ್ಷಣವೇ, ಎಲ್ಲಿದ್ದೀರೋ ಅಲ್ಲೇ, ರೆಪ್ಪೆ ಬಿಡಿಸಿ ಹಿಡಿದು, ಶುದ್ಧ ನೀರನ್ನು ಧಾರೆಯಾಗಿ ಕನಿಷ್ಠ ಅರ್ಧ ಗಂಟೆ ಸುರಿಯುತ್ತಿರಬೇಕು. ಮಗು ಎಷ್ಟೇ ಅತ್ತರೂ ನಿಲ್ಲಿಸಬಾರದು. ರೆಪ್ಪೆಯ ಒಳಗೆ ಸುಣ್ಣದ ಹರಳು ಕೂತಿರುತ್ತದೆ, ಅದನ್ನೂ ತೊಳೆದು ತೆಗೆಯಬೇಕು. ಆಸ್ಪತ್ರೆಗೆ ಹೊರಡುವುದು ಆಮೇಲೆ. ಎದೆಹಾಲು ಹಿಂಡುವುದು, ಹರಳೆಣ್ಣೆ ಬಿಡುವುದು, ತುಪ್ಪ ಹಚ್ಚುವುದು, ಯಾವುದೂ ಬೇಡ. ನಮ್ಮಿಂದ ಕಣ್ಣಿನ ಡಾಕ್ಟರು ಸಿಗುವ ಊರಿಗೆ ಒಂದೂವರೆ ಗಂಟೆ. ತೊಳೆಯದೆ ಓಡಿದರೆ ಆ ಒಂದೂವರೆ ಗಂಟೆಯೂ ಸುಣ್ಣ ಕಣ್ಣನ್ನು ಸುಡುತ್ತಲೇ ಇರುತ್ತದೆ.

ಕವಳದ ತಟ್ಟೆಯನ್ನು ಗೋಡೆಯ ಗೂಡಿಗೆ ಏರಿಸಲು ಹೋದಾಗ ಮಾವ ನೊಂದುಕೊಂಡರು. ಬಂದವರು ಎದ್ದು ನಿಂತು ಕವಳ ತೆಗೆದುಕೊಳ್ಳುವುದು ಎಂದರೆ ಅವರ ಮಟ್ಟಿಗೆ ಅವಮಾನ. ನಾನು ವಾದ ಮಾಡಲಿಲ್ಲ. ಒಂದು ಮಧ್ಯಾಹ್ನ ಅವರ ಕಣ್ಣೆದುರೇ ಹತ್ತು ತಿಂಗಳ ಕೂಸೊಂದು ತಟ್ಟೆಯತ್ತ ತೆವಳಿ ಬಂದು ಸುಣ್ಣದ ಡಬ್ಬಿಗೆ ಕೈ ಹಾಕಿತು. ಅವರೇ ಎತ್ತಿಕೊಂಡರು. ಸಂಜೆ ತಾವೇ ಮೊಳೆ ಹೊಡೆದು ಎತ್ತರದಲ್ಲಿ ಹಲಗೆ ಕೂರಿಸಿದರು. ತೀರಿಹೋಗುವ ತನಕ, ಬಂದವರಿಗೆ ತಾವೇ ಎದ್ದು ತಟ್ಟೆ ಇಳಿಸಿ ಕೊಟ್ಟು, ತಾವೇ ಎತ್ತಿ ಇಡುತ್ತಿದ್ದರು.

ಎರಡನೆಯದು ಹಂಡೆ. ಬಚ್ಚಲ ಒಲೆಗೆ ಬೆಳಗಿನ ಜಾವ ಹೊತ್ತಿದ ಬೆಂಕಿ ನಮ್ಮಲ್ಲಿ ಮಳೆಗಾಲವಿಡೀ ಆರುವುದಿಲ್ಲ. ಅಡಿಕೆ ಸಿಪ್ಪೆ, ಹಾಳೆ, ಕುಂಟೆ ಏನಾದರೂ ಉರಿಯುತ್ತಲೇ ಇರುತ್ತದೆ, ನೀರು ಮರಳುತ್ತಲೇ ಇರುತ್ತದೆ. ಗೀಸರಿಗೆ ಇಷ್ಟೇ ಬಿಸಿ ಎಂಬ ಗುಂಡಿ ಇದೆ, ಹಂಡೆಗಿಲ್ಲ. 60 ಡಿಗ್ರಿಯ ನೀರು ಕೂಸಿನ ಚರ್ಮವನ್ನು ಸುಡಲು ಕೆಲವೇ ಸೆಕೆಂಡು ಸಾಕು. ಮರಳುವ ನೀರು ತಾಗಿದರೆ ಮುಗಿಯಿತು. ಆದ್ದರಿಂದ ನಮ್ಮ ನಿಯಮ: ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಮೊಣಕೈ ಅದ್ದಿ ನೋಡಿದ ಮೇಲೆ ಕೂಸು. ನಮ್ಮ ಬೆರಳು ಬಿಸಿಗೆ ಒಗ್ಗಿ ಹೋಗಿರುತ್ತದೆ, ಅದರ ಮಾತು ನಂಬುವಂತಿಲ್ಲ.

ಸುಟ್ಟಾಗ ಏನು ಮಾಡಬೇಕೆಂದು ನಾನು ಬಂದ ತಾಯಂದಿರನ್ನೆಲ್ಲ ಕೇಳುತ್ತೇನೆ. ಟೂತ್‌ಪೇಸ್ಟು, ಶಾಯಿ, ಜೇನುತುಪ್ಪ, ದೋಸೆ ಹಿಟ್ಟು, ಬೆಣ್ಣೆ, ಹೀಗೆ ಬರುತ್ತವೆ ಉತ್ತರಗಳು. ಬೇಕಾದದ್ದು ಹರಿಯುವ ತಣ್ಣೀರು, 20 ನಿಮಿಷ. ಗಡಿಯಾರ ನೋಡಿ 20. ಐದು ನಿಮಿಷಕ್ಕೆ ಅಳು ನಿಂತಿತೆಂದು ತೆಗೆಯಬಾರದು, ಚರ್ಮದಡಿಯ ಬಿಸಿ ಇನ್ನೂ ಇಳಿಯುತ್ತಿರುತ್ತದೆ. ಐಸ್ ಬೇಡ. ಮಳೆಗಾಲದಲ್ಲಿ ನಮ್ಮ ಬಾವಿ ನೀರೇ ಕೊರೆಯುತ್ತದೆ, ಸುಟ್ಟ ಜಾಗಕ್ಕೆ ಮಾತ್ರ ಸುರಿದು ಉಳಿದ ಮೈಗೆ ಬೆಚ್ಚಗೆ ಹೊದೆಸಬೇಕು. ಗುಳ್ಳೆ ಒಡೆಯಬಾರದು. ಮುಖ, ಕೈ, ತೊಡೆಸಂದು ಸುಟ್ಟಿದ್ದರೆ ಎಷ್ಟೇ ಚಿಕ್ಕದಾದರೂ ಡಾಕ್ಟರು ನೋಡಬೇಕು.

ಮೂರನೆಯದನ್ನು ಹೇಳುವಾಗ ನಮ್ಮ ಭಾಷೆಯ ಬಗ್ಗೆಯೇ ಯೋಚನೆ ಬರುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದಕ್ಕೆ ನಾವೆಲ್ಲ "ಔಷಧಿ ಹೊಡೆಯುವುದು" ಅನ್ನುತ್ತೇವೆ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಕೊಳೆರೋಗದ ಮೂಲ ಹುಡುಕಿ ಈ ದ್ರಾವಣವನ್ನು ತೋಟಕ್ಕೆ ತಂದರು, ನಮ್ಮ ಅಡಿಕೆ ಉಳಿಯಿತು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದ ಹರಳು ನೋಡಿದ್ದೀರಲ್ಲ, ನವಿಲು ಕತ್ತಿನ ನೀಲಿ, ಕಲ್ಲುಸಕ್ಕರೆಯಂತೆ ಹೊಳಪು. ಅದು ಗೋಣಿಯಲ್ಲಿ ಜಗಲಿ ಮೂಲೆಗೆ ಬಂದು ಕೂರುತ್ತದೆ. ಅದೇ ಮನೆಯಲ್ಲಿ ಜ್ವರ ಬಂದ ಕೂಸಿಗೆ ಚಮಚ ಹಿಡಿದು "ಔಷಧಿ ಕುಡಿ ಪುಟ್ಟಾ" ಅನ್ನುತ್ತೇವೆ. ಎರಡಕ್ಕೂ ಒಂದೇ ಹೆಸರು! ಮೂರು ವರ್ಷದ ಮಗು ಯಾವುದನ್ನು ಯಾವುದೆಂದು ತಿಳಿಯಬೇಕು? ನಮ್ಮ ಮಕ್ಕಳ ಮನೆಯಲ್ಲಿ ನಾವು ತೋಟದ್ದಕ್ಕೆ "ವಿಷ" ಎಂದೇ ಹೇಳುತ್ತೇವೆ. ಕೇಳಲು ಒರಟು, ಮನೆಯ ಗಂಡಸರಿಗೆ ಇಷ್ಟವಾಗಲಿಲ್ಲ. ಕಳೆನಾಶಕವನ್ನು, ಸೀಮೆಎಣ್ಣೆಯನ್ನು ಜ್ಯೂಸಿನ ಬಾಟಲಿಗೆ ಸುರಿದಿಡುವುದನ್ನು ಮಾತ್ರ ನಾನು ಯಾರ ಮನೆಯಲ್ಲಿ ಕಂಡರೂ ಸುಮ್ಮನಿರುವುದಿಲ್ಲ. ಅಕಸ್ಮಾತ್ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಸೀಮೆಎಣ್ಣೆ ವಾಂತಿಯ ಜೊತೆ ಶ್ವಾಸಕೋಶಕ್ಕೆ ಹೋದರೆ ಕುಡಿದದ್ದಕ್ಕಿಂತ ದೊಡ್ಡ ಅನಾಹುತ. ಬಾಟಲಿಯನ್ನೂ ಮಗುವನ್ನೂ ಒಟ್ಟಿಗೆ ಆಸ್ಪತ್ರೆಗೆ ಒಯ್ಯಿರಿ.

ನಿಜವಾದ ಔಷಧಿಯ ಮಾತೂ ಇದೆ. ತಾಯಿ ಚೀಟಿಯಲ್ಲಿ ಬರೆದು ಕೊಡದ ಯಾವ ಸಿರಪ್ಪನ್ನೂ ನಾವು ಕೊಡುವುದಿಲ್ಲ. ಪ್ಯಾರಾಸಿಟಮಾಲ್ 5 ಮಿಲಿಗೆ 125 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ, ಬಾಟಲಿ ನೋಡಲು ಒಂದೇ ಥರ. "ಒಂದು ಚಮಚ ಹಾಕಿ" ಎಂದರೆ ಯಾವುದರ ಒಂದು ಚಮಚ, ಯಾವ ಚಮಚ? ಕೆಮ್ಮಿನ ಸಿರಪ್ಪಂತೂ ಬೇಡವೇ ಬೇಡ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕಲಬೆರಕೆಯ ಸಿರಪ್ ಕುಡಿದು ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ಸತ್ತರು. ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧಿ ಬರೆಯಲೇಬಾರದು, ಐದರ ಕೆಳಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ ಆಗ ಮತ್ತೆ ಹೇಳಿತು. ಜೇನಿನ ಬಗ್ಗೆಯೂ ಇಲ್ಲೇ ಹೇಳಬೇಕು, ಅಜ್ಜಿಯರು ನೊಂದುಕೊಳ್ಳಬಾರದು. ನಮ್ಮ ತುಡುವೆ ಜೇನು ಎಷ್ಟೇ ಅಪ್ಪಟವಾಗಿರಲಿ, ವರ್ಷ ತುಂಬದ ಕೂಸಿಗೆ ನೆಕ್ಕಿಸಬಾರದು. ಜೇನಿನಲ್ಲಿ ಬೊಟುಲಿಸಂ ತರುವ ಬೀಜಕಣ ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ತಡೆಯುತ್ತದೆ, ಕೂಸಿನ ಕರುಳಿನಲ್ಲಿ ಅದು ಮೊಳೆತು ವಿಷವಾಗುತ್ತದೆ, ಮೈ ಸೋತು ಉಸಿರೇ ನಿಲ್ಲಬಹುದು. ಅಪ್ಪಟ ಜೇನು, ಕಲಬೆರಕೆ ಜೇನು ಎಂಬ ಭೇದ ಆ ಬೀಜಕಣಕ್ಕಿಲ್ಲ.

ಮಲಗಿಸುವುದರಲ್ಲಿಯೂ ಅಜ್ಜಿಯರ ಜೊತೆ ಇದೇ ಮಾತುಕತೆ. ಕೂಸು ಅಂಗಾತ ಮಲಗಬೇಕು. ಸಾಸಿವೆ ದಿಂಬು, ಮುಖದ ತನಕ ಹೊದೆಸಿದ ಕಂಬಳಿ, ಪಕ್ಕದ ಬೊಂಬೆ ಬೇಡ. ಅಮೆರಿಕದಲ್ಲಿ 1994ರಿಂದ ಅಂಗಾತ ಮಲಗಿಸಿ ಎಂದು ಊರೂರಿಗೆ ಸಾರಿದ ಮೇಲೆ ನಿದ್ದೆಯಲ್ಲಿ ಕಾರಣವಿಲ್ಲದೆ ಸಾಯುವ ಶಿಶುಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಪುಷ್ಯ, ಆಶ್ಲೇಷ ಮಳೆಯ ಚಳಿಗೆ ಕೋಣೆ ಬಾಗಿಲು ಮುಚ್ಚಿ ಒಳಗೆ ಕೆಂಡದ ಬಾಂಡಲಿ ಇಡುವ ರೂಢಿಯನ್ನೂ ನಾವು ಬಿಟ್ಟೆವು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಹೊಗೆ ಇಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಗಂಟಲಿಗೆ ಸಿಕ್ಕಿಕೊಂಡ ಒಂದು ಪ್ರಸಂಗ ನಮ್ಮಲ್ಲೇ ಆಗಿದೆ. ಹಲಸಿನ ಕಾಲ, ಬೇಯಿಸಿದ ಹಲಸಿನ ಬೇಳೆ. ಎರಡು ವರ್ಷದ ಹುಡುಗ, ತಾಯಿ ಬಂದಳೆಂದು ಬಾಯಲ್ಲಿ ಬೇಳೆ ಇಟ್ಟುಕೊಂಡೇ ಓಡಿದ. ನಿಂತ. ಕೆಮ್ಮಲಿಲ್ಲ, ಅಳಲಿಲ್ಲ, ಬಾಯಿ ತೆರೆದು ನಮ್ಮನ್ನೇ ನೋಡಿದ. ಕೆಮ್ಮುವ ಮಗುವನ್ನು ಕೆಮ್ಮಲು ಬಿಡಬೇಕು. ಸದ್ದೇ ಬರದ ಮಗುವಿಗೆ ಕೂಡಲೇ ಕೈ ಹಾಕಬೇಕು. ಜೊತೆಗಾರ್ತಿ ಅವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನ ಮೇಲೆ, ಎರಡು ಹೆಗಲ ಮೂಳೆಗಳ ನಡುವೆ, ಅಂಗೈಯ ಬುಡದಿಂದ ಹೊಡೆದಳು. ನಾಲ್ಕನೆಯ ಏಟಿಗೆ ಬೇಳೆ ಬಿತ್ತು. ಐದಕ್ಕೂ ಬೀಳದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಬೇಕಿತ್ತು. ವರ್ಷದೊಳಗಿನ ಕೂಸಾದರೆ ಹೊಟ್ಟೆ ಒತ್ತಬಾರದು. ಮುಂಗೈ ಮೇಲೆ ಬೋರಲು, ತಲೆ ತಗ್ಗಿಸಿ ಐದು ಏಟು, ಆಮೇಲೆ ತಿರುಗಿಸಿ ಎದೆಯ ನಡುವೆ ಐದು ಒತ್ತು. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ತಡಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಅಂದಿನಿಂದ ಬೇಳೆ, ಶೇಂಗಾ, ಚಕ್ಕುಲಿ ತುಂಡು ಮೂರು ವರ್ಷದೊಳಗಿನವರಿಗೆ ಇಲ್ಲ. ದ್ರಾಕ್ಷಿ ಉದ್ದಕ್ಕೆ ಸೀಳಿ. ತಿನ್ನುವಾಗ ಎಲ್ಲರೂ ಕೂತಿರಬೇಕು, ತಾಯಿ ಬಂದರೂ.

ಕಾಡಿನ ವಿಷಯ ಹೇಳದೆ ಮಲೆನಾಡಿನ ಪಟ್ಟಿ ಮುಗಿಯುವುದಿಲ್ಲ. ಉಂಬಳಕ್ಕೆ ಹೊಸಬರು ಹೆದರುತ್ತಾರೆ, ಅದು ರಕ್ತ ಹೀರಿ ಬಿಡುತ್ತದೆ, ಅಷ್ಟೇ; ಜಾಗ ತೊಳೆದು ಒತ್ತಿ ಹಿಡಿದರೆ ಸಾಕು. ಹೆದರಬೇಕಾದದ್ದು ಉಣುಗಿಗೆ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರ ಚಳಿಗಾಲದಲ್ಲಿ ಸಾಗರದ ಅರಳಗೋಡು ಸುತ್ತ ಎಷ್ಟು ಮನೆಗಳಲ್ಲಿ ಅಳು ಕೇಳಿತು ಎಂದು ಈ ಕಡೆಯವರಿಗೆ ಗೊತ್ತು. ಹಳೆಯ ಲಸಿಕೆಯನ್ನೂ 2022ರಲ್ಲಿ ನಿಲ್ಲಿಸಿದರು. ಚಳಿ ಶುರುವಾಗುವಾಗಿನಿಂದ ಮುಂಗಾರು ಬರುವವರೆಗೆ ಎಳೆಯ ಉಣುಗು ಒಣಗಿದ ಎಲೆಯಲ್ಲಿರುತ್ತದೆ, ಎಳ್ಳಿಗಿಂತ ಸಣ್ಣದು. ಕೊಟ್ಟಿಗೆಗೆ ಹಾಸಲು ಕಾಡಿನಿಂದ ತಂದ ದರಗಿನ ರಾಶಿ ಮಕ್ಕಳಿಗೆ ಹಾರಿ ಆಡುವ ಮೆತ್ತೆ. ಆ ಆಟವನ್ನು ನಾವು ನಿಲ್ಲಿಸಿದ್ದೇವೆ. ದರಗು ತಂದವರು ಬಟ್ಟೆ ಬದಲಿಸಿ ಮಿಂದ ಮೇಲೆಯೇ ಕೂಸನ್ನು ಎತ್ತಬೇಕು. ಸಂಜೆ ಕಿವಿಯ ಹಿಂದೆ, ಕತ್ತು, ಕಂಕುಳು, ತೊಡೆಸಂದು ಬೆರಳಾಡಿಸಿ ನೋಡುತ್ತೇವೆ. ಕಚ್ಚಿಕೊಂಡಿದ್ದರೆ ಚಿಮಟಿಗೆಯಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರ ಎಳೆದು, ಸೋಪು ಹಾಕಿ ತೊಳೆಯುವುದು. ಸುಡುವುದು, ಸೀಮೆಎಣ್ಣೆ ಬಿಡುವುದು, ಉಗುರಲ್ಲಿ ಹಿಸುಕುವುದು ಯಾವುದೂ ಸಲ್ಲ. ಒಂದು ವರ್ಷ ಜ್ವರದ ಮನೆಯ ಕೂಸನ್ನು ಸೇರಿಸಬೇಡಿ ಎಂದು ಉಳಿದ ತಾಯಂದಿರು ಕೇಳಿಕೊಂಡರು. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆ ತಾಯಿಗೆ ಆಗ ಕೂಸನ್ನು ನೋಡಿಕೊಳ್ಳುವವರು ಎಂದಿಗಿಂತ ಹೆಚ್ಚು ಬೇಕಾಗಿತ್ತು. ಸೇರಿಸಿಕೊಂಡೆವು.

ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀರು ಡೆಂಗಿ ಸೊಳ್ಳೆಗೆ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ ಸಾಕು, ಹಾಗಾಗಿ ಪ್ರತಿ ಶನಿವಾರ ಹಾಳೆ ಮಗುಚುವ ಕೆಲಸ. ಹಾವು ಕಚ್ಚಿದರೆ ಕೊಯ್ಯದೆ, ಚೀಪದೆ, ಬಿಗಿದು ಕಟ್ಟದೆ, ಮಗುವನ್ನು ನಡೆಸದೆ, ಎತ್ತಿಕೊಂಡು ಪ್ರತಿವಿಷ ಇರುವ ಆಸ್ಪತ್ರೆಗೆ. ಮಳೆಗಾಲದಲ್ಲಿ 108 ಬರುವ ಹೊತ್ತಿಗೆ ದಾರಿಯಲ್ಲಿ ಮರ ಬಿದ್ದಿರಬಹುದು, ನೆಟ್‌ವರ್ಕೇ ಇಲ್ಲದಿರಬಹುದು. ಅದಕ್ಕೆಂದು ಜೀಪು ಇರುವ ಎರಡು ಮನೆಯವರ ಜೊತೆ ಮೊದಲೇ ಮಾತಾಡಿಟ್ಟಿದ್ದೇವೆ. ಭೇದಿಗೆ ಓಆರ್‌ಎಸ್ ಪೊಟ್ಟಣ ಪೂರ್ತಿ 1 ಲೀಟರಿಗೆ ಕದಡಿ, ಜೊತೆಗೆ ಡಾಕ್ಟರು ಕೊಟ್ಟ ಜಿಂಕ್ ಮಾತ್ರೆ 14 ದಿನ, ಭೇದಿ ನಿಂತರೂ ಬಿಡದೆ. ಕೈ ತೊಳೆಯುವುದು ಗೊತ್ತಿರುವ ಮಾತೇ. ಕುಂಡೆ ತೊಳೆಸಿದ ಮೇಲೆ ಮತ್ತು ಉಣಿಸುವ ಮೊದಲು, ಸೋಪು ಹಾಕಿ, ಪ್ರತಿ ಮಗುವಿಗೂ ಬೇರೆ ಬೇರೆಯಾಗಿ.

ಇಷ್ಟೆಲ್ಲ ಎಚ್ಚರಿಕೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದಿದೆ, ಅದನ್ನು ಬರೆಯಲು ನನಗೆ ಕೈ ಬರುತ್ತಿರಲಿಲ್ಲ. ಒಂದು ಆಶ್ಲೇಷದ ಮಧ್ಯಾಹ್ನ. ಮೂರು ದಿನದಿಂದ ಕರೆಂಟಿಲ್ಲ, ಬಟ್ಟೆ ಒಣಗಿಲ್ಲ, ಮಳೆ ಹೆಂಚಿನ ಮೇಲೆ ಹೊಯ್ಯುತ್ತಲೇ ಇದೆ. ಏಳು ತಿಂಗಳ ಕೂಸೊಂದು ಎರಡು ಗಂಟೆಯಿಂದ ಅಳುತ್ತಿತ್ತು. ಹಾಲು ಬೇಡ, ಎತ್ತಿದರೂ ಬೇಡ, ತೂಗಿದರೂ ಬೇಡ. ಅದನ್ನು ಹಿಡಿದ ನನ್ನ ಎರಡು ಕೈ ಬಿಗಿಯಾಗುತ್ತಿರುವುದು ನನಗೇ ಗೊತ್ತಾಯಿತು. ಮಕ್ಕಳೆಂದರೆ ಜೀವ ಬಿಡುವವಳು ನಾನು. ಆದರೂ ಆ ಕ್ಷಣ ಆ ಕೂಸನ್ನು ಹಿಡಿದು ಅಲುಗಾಡಿಸಿಬಿಡಬೇಕು ಅನ್ನಿಸಿತು.

ಅಲುಗಾಡಿಸಿದರೆ ಕೂಸಿನ ಮಿದುಳಿನ ಸುತ್ತಲ ರಕ್ತನಾಳ ಹರಿಯುತ್ತದೆ. ಕುತ್ತಿಗೆ ಇನ್ನೂ ಎಳೆಯದು, ತಲೆ ಭಾರ. ಕೆಲವು ಸೆಕೆಂಡಿನಲ್ಲಿ ಕಣ್ಣು ಹೋಗಬಹುದು, ಜೀವ ಹೋಗಬಹುದು. ಹಾಗೆ ಮಾಡಿದವರೆಲ್ಲ ಕೆಟ್ಟವರಲ್ಲ. ನಿದ್ದೆಗೆಟ್ಟು, ಒಬ್ಬರೇ ಸಿಕ್ಕಿಕೊಂಡವರು. ನಾನು ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ "ಕೂಸು ನಿಂಗೆ" ಅಂದೆ. ಜೊತೆಗಾರ್ತಿ ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. "ಕೂಸು ನಂಗೆ" ಅಂದಳು. ಜಗಲಿ ತುದಿಗೆ ಹೋಗಿ ಮಳೆ ನೋಡುತ್ತಾ ನಿಂತೆ. ಹತ್ತು ನಿಮಿಷವಾದ ಮೇಲೆ ಒಳಗೆ ಬಂದೆ. ಕೂಸು ಇನ್ನೂ ಅಳುತ್ತಿತ್ತು. ನನ್ನ ಕೈ ಮಾತ್ರ ನನ್ನ ಕೈಯಾಗಿತ್ತು.

ಬಕೆಟ್ಟಿನ ದಿನ ಕಲಿತ ಮಾತು ಕೂಸನ್ನು ಕಾಯಲಿಕ್ಕೆ ಅಂದುಕೊಂಡಿದ್ದೆ. ಅದು ಕಾಯುವವಳನ್ನೂ ಕಾಯುತ್ತದೆ ಎಂದು ಆವತ್ತು ತಿಳಿಯಿತು. "ನಂಗೆ ಈಗ ಆಗ್ತಿಲ್ಲ" ಎಂದು ಹೇಳಲು, ಹೇಳಿದಾಗ ಎತ್ತಿಕೊಳ್ಳಲು, ಇನ್ನೊಬ್ಬರು ಇರಲೇಬೇಕು. ಅದಕ್ಕೇ ಒಬ್ಬಳೇ ಹೆಂಗಸಿನ ಮೇಲೆ ಹತ್ತು ಹದಿನೈದು ಕೂಸು ಬಿಟ್ಟಿರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವಳು ಎಷ್ಟೇ ಒಳ್ಳೆಯವಳಿರಲಿ, ಬಚ್ಚಲಿಗೆ ಹೋಗುವಾಗ "ನಿಂಗೆ" ಎಂದು ಯಾರಿಗೆ ಹೇಳಬೇಕು? ಮಕ್ಕಳನ್ನು ನೋಡುವ ಕಣ್ಣು ಮೊಬೈಲಿನಲ್ಲಿ ಅಂಕಿ ತುಂಬುವುದಕ್ಕೆ, ಮನೆಮನೆ ಸಮೀಕ್ಷೆಗೆ, ಮತದಾರರ ಪಟ್ಟಿಗೆ ಹೋದರೆ ಆ ಹೊತ್ತಿನಲ್ಲಿ ಮಕ್ಕಳು ಯಾರಿಗೆ? ಕೂಲಿ ಹೆಚ್ಚಿಸಿ, ಇನ್ನೊಬ್ಬರನ್ನು ಕೊಡಿ ಎಂದು ಕೇಳುವ ಹೆಂಗಸರು ತಮಗಾಗಿ ಮಾತ್ರ ಕೇಳುತ್ತಿಲ್ಲ.

ಈ ಸಲ ಅಡಿಕೆ ಸುಲಿಯುವ ಕಾಲಕ್ಕೆ ಮಕ್ಕಳು ಹನ್ನೊಂದಾಗುತ್ತಾರೆ. ಮೂರನೆಯವಳಾಗಿ ಹೊಸ ಹುಡುಗಿಯೊಬ್ಬಳು ಸೇರಿದ್ದಾಳೆ, ಪಿಯುಸಿ ಮುಗಿಸಿದವಳು. ಮೊದಲ ದಿನ ಅವಳಿಗೆ ಯಾವ ಪಟ್ಟಿಯನ್ನೂ ಕೊಡಲಿಲ್ಲ. "ಅಂಬೆಗಾಲಲ್ಲಿ ಒಂದು ಸುತ್ತು ಹೋಗಿ ಬಾ, ಕಂಡದ್ದು ಹೇಳು" ಅಂದೆ. ಚೂಡಿದಾರದ ಮೊಣಕಾಲು ಮಣ್ಣು ಮಾಡಿಕೊಂಡು ಅರ್ಧ ಗಂಟೆ ಸುತ್ತಿದಳು. ಬಕೆಟ್ಟು ಬೋರಲಿತ್ತು, ಕವಳದ ತಟ್ಟೆ ಮಾವ ಕೂರಿಸಿದ ಹಲಗೆಯ ಮೇಲಿತ್ತು. ಎಲ್ಲ ಸರಿಯಾಗಿದೆ ಎಂದು ನಾನು ಕಾಯುತ್ತಿದ್ದೆ.

"ಅಕ್ಕಾ, ಆ ಪರದೆ ಹಿಂದೆ ನೀಲಿ ದೀಪ ಮಿಣುಕ್ತಿದೆ" ಅಂದಳು.

ಹೋದ ವರ್ಷ ಹಾಕಿಸಿದ ಇನ್ವರ್ಟರ್. ಬ್ಯಾಟರಿ ನೆಲದ ಮೇಲಿದೆ, ಅದರ ತಂತಿಯ ಮೂತಿಗಳು ತೆರೆದೇ ಇವೆ, ಒಳಗೆ ಆಮ್ಲ. ಚಂದ ಕಾಣಲೆಂದು ನಾನೇ ಪರದೆ ಹೊಲಿದು ಹಾಕಿದ್ದೆ. ನಿಂತು ನೋಡಿದರೆ ಪರದೆಯ ಹೂವು ಮಾತ್ರ ಕಾಣುತ್ತದೆ. ಅವಳ ಪಕ್ಕ ನಾನೂ ಮಂಡಿ ಊರಿದೆ. ಪರದೆಯ ಅಂಚಿನ ಕೆಳಗೆ ದೀಪ ಹಚ್ಚಿದ ಗುಡಿಯ ಹಾಗೆ ಮಿಣುಕುತ್ತಿತ್ತು. ಯಾವ ಕೂಸಾದರೂ ತೆವಳಿ ಹೋಗುವಂತಿತ್ತು.

ಬಡಗಿಗೆ ಫೋನು ಮಾಡಿದೆ. ನಾಳೆ ಬರುತ್ತೇನೆ ಅಂದ. ಇವತ್ತೇ ಬಾ ಅಂದೆ. ಅವನು ಬಂದು ಬಾಗಿಲು ಕೂರಿಸುವ ತನಕ ಆ ಹುಡುಗಿ ಪರದೆಗೆ ಬೆನ್ನು ಕೊಟ್ಟು ಕೂತಿದ್ದಳು, ಮಡಿಲಲ್ಲಿ ಎರಡು ಕೂಸು. ಮಧ್ಯೆ ಅವಳಿಗೆ ನೀರು ಬೇಕಾಯಿತು. ನನ್ನತ್ತ ನೋಡಿ, ಸ್ವಲ್ಪ ಸಂಕೋಚದಿಂದಲೇ, "ಎರಡೂ ನಿಮಗೆ" ಅಂದಳು.

"ಎರಡೂ ನಂಗೆ" ಅಂದೆ.